ಓಡದೆಯೂ ಸವೆಯುವ ಪೈಪು

ಹಳೆಯ ಸ್ಪೋರ್ಟ್ಸ್ ಕಾರುಗಳ ಪೇಟೆಯಲ್ಲಿ ಬೆಲೆ ನಿಲ್ಲುವುದು ಓಡೋಮೀಟರಿನ ಮೇಲೆ. ಗಾಡಿಗೆ ಮೂವತ್ತು ವರ್ಷ ಆಗಿದ್ದರೂ ಓಡಿರುವುದು ನಲವತ್ತೇ ಸಾವಿರ ಕಿಲೋಮೀಟರ್ ಎಂದರೆ ಕೊಳ್ಳುವವರ ಕಣ್ಣರಳುತ್ತದೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್‌ಗಳ ಮಟ್ಟಿಗೆ ಈ ಲೆಕ್ಕ ಬಹುಪಾಲು ಸರಿಯೇ. ಅವು ಸವೆಯುವುದು ಉಜ್ಜಾಟದಿಂದ, ಉಜ್ಜಾಟ ಆಗುವುದು ಓಡಿದರೆ. ರಬ್ಬರಿನ ಲೆಕ್ಕ ಬೇರೆ. ಗ್ಯಾರೇಜಿನಲ್ಲಿ ಕವರ್ ಹೊದ್ದು ನಿಂತ ಕಾರಿನಲ್ಲೂ ರಬ್ಬರ್ ಮುದಿಯಾಗುತ್ತಲೇ ಇರುತ್ತದೆ. ಅಂಥ ರಬ್ಬರ್ ಭಾಗಗಳಲ್ಲಿ ಯಾರ ಕಣ್ಣಿಗೂ ಬೀಳದ್ದು, ಆದರೆ ನೇರವಾಗಿ ಬ್ರೇಕಿಗೆ ಸಂಬಂಧಪಟ್ಟದ್ದು ಒಂದಿದೆ: ಎಂಜಿನ್ನಿನಿಂದ ಬ್ರೇಕ್ ಸರ್ವೋಗೆ ಹೋಗುವ ವ್ಯಾಕ್ಯೂಮ್ ಪೈಪು. ಟಯರು, ಪ್ಯಾಡು, ಡಿಸ್ಕುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮಾಲೀಕರೂ ಈ ಪೈಪನ್ನು ಕೇಳುವುದಿಲ್ಲ. ಅದನ್ನು ಕೆಟ್ಟ ಮೇಲೆ ಬದಲಿಸಿದರಾಯಿತು ಎಂದು ಬಿಡದೆ ವಯಸ್ಸು ನೋಡಿಯೇ ಬದಲಿಸಬೇಕು. ಕಡಿಮೆ ಓಡಿದ ಕಾರಿನಲ್ಲಂತೂ ಮೊದಲು ನೋಡಬೇಕಾದ್ದು ಅದನ್ನೇ. ಅತಿ ಎಚ್ಚರಿಕೆಯಂತೆ ಕೇಳಿಸಿದರೂ ಇದಕ್ಕೆ ಗಟ್ಟಿಯಾದ ಕಾರಣಗಳಿವೆ.

ಸರ್ವೋ ಎಂದರೆ ನಮ್ಮ ಮೆಕ್ಯಾನಿಕ್‌ಗಳು ಬೂಸ್ಟರ್ ಎನ್ನುವ ಆ ದುಂಡನೆಯ ಕರಿ ಡಬ್ಬಿ. ಬಾನೆಟ್ ಎತ್ತಿದರೆ ಬ್ರೇಕ್ ಪೆಡಲಿನ ನೇರಕ್ಕೆ, ಮಾಸ್ಟರ್ ಸಿಲಿಂಡರಿನ ಹಿಂದೆ ಕಾಣುತ್ತದೆ. ಒಳಗೆ ಒಂದು ರಬ್ಬರ್ ಡಯಾಫ್ರಮ್ ಡಬ್ಬಿಯನ್ನು ಎರಡು ಕೋಣೆಯಾಗಿ ಭಾಗ ಮಾಡುತ್ತದೆ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಥ್ರಾಟಲ್ ಮುಚ್ಚಿರುತ್ತದೆ, ಸಿಲಿಂಡರುಗಳು ಗಾಳಿಗಾಗಿ ಎಳೆಯುತ್ತಿರುತ್ತವೆ. ಹೀಗಾಗಿ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡದ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಪೈಪು ಆ ಎಳೆತವನ್ನು ಸರ್ವೋಗೆ ತಲುಪಿಸುತ್ತದೆ. ಪೆಡಲ್ ಒತ್ತಿಲ್ಲದಾಗ ಎರಡೂ ಕೋಣೆಯಲ್ಲಿ ಒಂದೇ ವ್ಯಾಕ್ಯೂಮ್. ಒತ್ತಿದ ಕೂಡಲೇ ಪೆಡಲಿನ ಕಡೆಯ ಕೋಣೆಗೆ ಹೊರಗಿನ ಗಾಳಿ ನುಗ್ಗಿ ಡಯಾಫ್ರಮನ್ನು ಮುಂದಕ್ಕೆ ತಳ್ಳುತ್ತದೆ. 20 ಸೆಂಟಿಮೀಟರ್ ವ್ಯಾಸದ ಡಯಾಫ್ರಮ್ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 0.65 ಕಿಲೋದಷ್ಟು ಒತ್ತಡದ ವ್ಯತ್ಯಾಸ ಸಿಕ್ಕರೂ ಒಟ್ಟು 200 ಕಿಲೋ ಭಾರದ ನೂಕುಬಲ ಪುಕ್ಕಟೆಯಾಗಿ ದೊರೆಯಿತು. ಬೆರಳಿನ ತುದಿಯಷ್ಟೇ ಒತ್ತಿ ಕಾರು ನಿಲ್ಲಿಸಿದಂತೆ ನಮಗನ್ನಿಸುವುದು ಈ ಗಾಳಿಯ ದೆಸೆಯಿಂದ.

ಈ ಉಪಾಯ ಹೊಸದೇನಲ್ಲ. ಬೆಲ್ಜಿಯಂನ ಆಲ್ಬರ್ಟ್ ಡೆವಾಂಡ್ರ್ ರೂಪಿಸಿದ ವ್ಯಾಕ್ಯೂಮ್ ಸರ್ವೋ ಬ್ರೇಕನ್ನು ಜರ್ಮನಿಯ ಬಾಷ್ 1927ರಲ್ಲೇ ಭಾರೀ ವಾಹನಗಳಿಗೆಂದು ಮಾರುಕಟ್ಟೆಗೆ ತಂದಿತು. ಚಿಕ್ಕ ಕಾರುಗಳಿಗೆ ಅದರ ಅಗತ್ಯ ನಿಜವಾಗಿ ಬಿದ್ದದ್ದು ಡಿಸ್ಕ್ ಬ್ರೇಕ್ ಹರಡಿದ ಮೇಲೆ. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನತ್ತ ಎಳೆದುಕೊಂಡು ಒಂದಿಷ್ಟು ಬಲ ಸೇರಿಸುತ್ತದೆ. ಡಿಸ್ಕಿನಲ್ಲಿ ಆ ಸಹಾಯವಿಲ್ಲ. ಪ್ಯಾಡು ಎಷ್ಟು ಒತ್ತಬೇಕೋ ಅಷ್ಟನ್ನೂ ಹೊರಗಿನಿಂದಲೇ ಕೊಡಬೇಕು. ಹೀಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇರುವ ಕಾರೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಕಾಣಿಸಿಕೊಂಡ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು ಹೆಸರಾದ, ಎದ್ದು ನಿಲ್ಲುವ ಹೆಡ್‌ಲೈಟಿನ ಎರಡು ಸೀಟಿನ ಪುಟ್ಟ ಕಾರು. ಹಿರೋಷಿಮಾದಲ್ಲಿ ತಯಾರಾಗುವ ಈ ಸರಣಿಯ ಕಾರುಗಳ ಸಂಖ್ಯೆ 2016ರಲ್ಲಿ ಹತ್ತು ಲಕ್ಷ ದಾಟಿತು. 1997ರವರೆಗೆ ಬಂದ ಮೊದಲ ತಲೆಮಾರಿನವನ್ನು ಪ್ರೀತಿಯಿಂದ ಕಾಪಾಡಿಕೊಂಡವರು ಲೋಕದ ಹಲವೆಡೆ ಇದ್ದಾರೆ. ಆ ಪೈಕಿ ಬಿಡಿಭಾಗ ಬದಲಿಸದ ಕಾರಿನಲ್ಲಿ ಇಂದು ಕೆಲಸ ಮಾಡುತ್ತಿರುವ ಪೈಪಿಗೆ ಕಾರಿನಷ್ಟೇ ವಯಸ್ಸು.

ರಬ್ಬರ್ ಕೆಡುವುದು ಮೂರು ದಾರಿಯಲ್ಲಿ. ಎಂಜಿನ್ ಶಾಖ ಅದನ್ನು ನಿಧಾನಕ್ಕೆ ಗಟ್ಟಿ ಮಾಡುತ್ತದೆ. ಗಾಳಿಯಲ್ಲಿರುವ ಓಜೋನ್, ಅದು ಎಷ್ಟೇ ಅಲ್ಪವಾಗಿರಲಿ, ಎಳೆದು ಹಿಗ್ಗಿಸಿದ ಜಾಗದಲ್ಲಿ ರಬ್ಬರನ್ನು ಸೀಳುತ್ತದೆ. ಎಂಜಿನ್ನಿನ ಒಳಗಿಂದ ಬರುವ ಎಣ್ಣೆ, ಪೆಟ್ರೋಲಿನ ಆವಿ ಒಳಮೈಯನ್ನು ಊದಿಸಿ ಮೆತ್ತಗಾಗಿಸುತ್ತದೆ. ಈ ಮೂರರಲ್ಲಿ ಶಾಖವೊಂದೇ ಓಟವನ್ನು ಅವಲಂಬಿಸಿದ್ದು. ಓಜೋನ್‌ಗೆ ಕಾರು ಓಡಲೇಬೇಕೆಂದಿಲ್ಲ, ಒಮ್ಮೆ ಒಳಗೆ ಅಂಟಿಕೊಂಡ ಎಣ್ಣೆಗೂ ಓಡಬೇಕಾಗಿಲ್ಲ. ಒಂದೇ ಬಗೆಯ ರಬ್ಬರ್ ಎಲ್ಲವನ್ನೂ ತಾಳುವುದೂ ಇಲ್ಲ. ನೈಟ್ರೈಲ್ ರಬ್ಬರ್ ಎಣ್ಣೆಗೆ ಜಗ್ಗುವುದಿಲ್ಲ, ಓಜೋನ್‌ಗೆ ಸೋಲುತ್ತದೆ. ಇಪಿಡಿಎಂ ಬಿಸಿಲು, ಓಜೋನ್ ಎರಡನ್ನೂ ತಾಳುತ್ತದೆ, ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಹಾಗಾಗಿಯೇ ಒಳ್ಳೆಯ ವ್ಯಾಕ್ಯೂಮ್ ಪೈಪಿನಲ್ಲಿ ಒಳಪದರಕ್ಕೆ ಒಂದು, ಹೊರಪದರಕ್ಕೆ ಇನ್ನೊಂದು ರಬ್ಬರ್, ನಡುವೆ ನೂಲಿನ ಹೆಣಿಗೆ. ಮುದಿಯಾದ ಪೈಪನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ಕತೆಯೆಲ್ಲ ಅಲ್ಲೇ ಕಾಣುತ್ತದೆ. ನಡುಭಾಗ ನುಣ್ಣಗೆ, ಕರ್ರಗೆ, ಏನೂ ಆಗದಂತೆ ಇರುತ್ತದೆ. ನಳಿಗೆಯ ಮೇಲೆ ಹಿಗ್ಗಿ ಕೂತಿದ್ದ ತುದಿಯನ್ನು ಬಗ್ಗಿಸಿದರೆ ಕ್ಲಿಪ್ಪಿನ ಅಂಚಿನಲ್ಲೇ ಸಣ್ಣ ಸಣ್ಣ ಅಡ್ಡಗೆರೆಗಳು ಬಾಯಿಬಿಡುತ್ತವೆ. ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತವೆ. ಸರ್ವೋ ಕಡೆಯ ತುದಿ ಉಗುರೂರದಷ್ಟು ಗಟ್ಟಿ, ಮ್ಯಾನಿಫೋಲ್ಡ್ ಕಡೆಯದು ಜಿಗುಟು, ಬೆರಳಿಗೆ ಮಸಿ. ಮೇಲಿಂದ ಕಣ್ಣಾಡಿಸಿ ಪೈಪು ಸರಿಯಿದೆ ಎನ್ನುವುದು ಸುಲಭ, ಏಕೆಂದರೆ ಕೆಟ್ಟಿರುವುದು ಕ್ಲಿಪ್ಪಿನ ಅಡಿಯಲ್ಲಿ.

ಪೈಪಿನಲ್ಲಿ ಬಿರುಕು ಬಿಟ್ಟರೆ ಎರಡು ತೊಂದರೆ. ಸರ್ವೋಗೆ ಸಿಗುವ ವ್ಯಾಕ್ಯೂಮ್ ಕಡಿಮೆಯಾಗಿ ಪೆಡಲ್ ಬಿಗಿಯಾಗುತ್ತದೆ. ಮ್ಯಾನಿಫೋಲ್ಡ್ ಕಡೆಗೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. 1.6 ಲೀಟರ್ ಎಂಜಿನ್ನಿನ ಮೊದಲ ಎಂಎಕ್ಸ್-5ಗಳಲ್ಲಿ ಒಳಬರುವ ಗಾಳಿಯನ್ನು ಒಂದು ರೆಕ್ಕೆಬಾಗಿಲಿನ ಮೀಟರ್ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆಯಿದೆ. ಮೀಟರ್ ದಾಟಿದ ಮೇಲೆ ಪೈಪಿನ ಬಿರುಕಿನಿಂದ ನುಸುಳಿದ ಗಾಳಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಐಡ್ಲಿಂಗ್ ಏರಿಳಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ಆಫ್ ಆಗುತ್ತದೆ. ಮಾಲೀಕರು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದಾಗಿ ಹಣ ಸುರಿಯುತ್ತಾರೆ. ಬ್ರೇಕ್ ಒತ್ತಿದಾಗ ಐಡ್ಲಿಂಗ್ ಬದಲಾಗುತ್ತದೆಯೇ ಎಂದು ಗಮನಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಆ ಒಂದು ಲಕ್ಷಣ ಸಾಕು, ಸಂಶಯ ನೇರ ಪೈಪು ಮತ್ತು ಸರ್ವೋ ಮೇಲೆ ಹೋಗಬೇಕು.

ಪೈಪಿನ ಜತೆಯಲ್ಲೇ ಇರುವ ಒನ್‌ವೇ ವಾಲ್ವನ್ನು ಮರೆಯಬಾರದು. ಗಾಳಿ ಸರ್ವೋದಿಂದ ಎಂಜಿನ್ನಿನತ್ತ ಹೋಗಬಹುದು, ಹಿಂದಿರುಗಿ ಬರಬಾರದು. ಅದು ಕಾಯುವುದು ಇಷ್ಟನ್ನೇ. ಎಂಜಿನ್ ಆಫ್ ಆದರೂ ಎರಡು ಮೂರು ಸಲ ಬ್ರೇಕಿಗೆ ಸಹಾಯ ಸಿಗುವುದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇಲ್ಲವಾದ ಕ್ಷಣದಲ್ಲೂ ಬ್ರೇಕ್ ಹಗುರವಾಗಿಯೇ ಇರುವುದು ಈ ವಾಲ್ವಿನ ಕೃಪೆ. ಮೊದಲ ಎಂಎಕ್ಸ್-5ರಲ್ಲಿ ಅದು ಪೈಪಿನ ಹೊಟ್ಟೆಯೊಳಗೇ ಕೂತಿರುತ್ತದೆ, ಹೊರಗೆ ದಿಕ್ಕು ತೋರಿಸುವ ಬಾಣದ ಗುರುತು ಇರುತ್ತದೆ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸುತ್ತೇವೆಂದು ಎಂಜಿನ್ ಆಫ್ ಮಾಡಿ ಗಾಡಿ ಬಿಡುವ ಚಾಳಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಎರಡೋ ಮೂರೋ ತಿರುವಿಗೆ ಬ್ರೇಕ್ ಒತ್ತಿದರೆ ಸರ್ವೋದ ದಾಸ್ತಾನು ಖಾಲಿ. ವಾಲ್ವ್ ಸೋರುತ್ತಿದ್ದರೆ ಮೊದಲ ತಿರುವಿಗೇ ಖಾಲಿ. ಅದೇ ಇಳಿಜಾರಿನಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಮ್ಯಾನಿಫೋಲ್ಡಿನ ಎಳೆತ ಅತ್ಯಂತ ಜೋರಾಗಿರುತ್ತದೆ.

ಇಷ್ಟೆಲ್ಲ ಆದರೆ ಚಾಲಕನಿಗೆ ಗೊತ್ತಾಗದೆ ಇರುತ್ತದೆಯೇ ಎಂಬ ಪ್ರಶ್ನೆ ಸಹಜ. ಗೊತ್ತಾಗುವುದಿಲ್ಲ, ಕಷ್ಟ ಇರುವುದೇ ಇಲ್ಲಿ. ಪೈಪು ಒಂದೇ ದಿನ ಕಳಚಿ ಬಿದ್ದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಅದು ವರ್ಷಗಟ್ಟಲೆ ಚೂರುಚೂರೇ ಸೋರುತ್ತದೆ, ಕಾಲು ಅದಕ್ಕೆ ತಕ್ಕಂತೆ ಚೂರುಚೂರೇ ಹೆಚ್ಚು ಒತ್ತುವುದನ್ನು ಕಲಿಯುತ್ತದೆ. ವಾರಕ್ಕೊಮ್ಮೆ ಹೊರಡುವ ಸ್ಪೋರ್ಟ್ಸ್ ಕಾರಿನಲ್ಲಿ ಕಳೆದ ವಾರದ ಪೆಡಲ್ ಹೇಗಿತ್ತೆಂದು ನೆನಪೂ ಇರುವುದಿಲ್ಲ. ಮೇಲಾಗಿ ಇಂಥ ಕಾರುಗಳ ಪೆಡಲ್ ಬಿಗಿಯಾಗಿರಬೇಕು, ಅದೇ ಅದರ ಗತ್ತು ಎಂಬ ನಂಬಿಕೆ ಬೇರೆ. ಹಾಗಾಗಿ ಕಾಲಿನ ಮಾತು ನಂಬುವುದಕ್ಕಿಂತ ಪರೀಕ್ಷೆ ಮಾಡಿ ನೋಡುವುದು ಮೇಲು, ಅದಕ್ಕೆ ಉಪಕರಣವೂ ಬೇಕಿಲ್ಲ. ಎಂಜಿನ್ ಆಫ್ ಇರುವಾಗ ಪೆಡಲ್ ಕಲ್ಲಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲನ್ನು ಹಾಗೆಯೇ ಇಟ್ಟುಕೊಂಡು ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ ಎಂದರ್ಥ. ಇನ್ನೊಂದು: ಒಂದೆರಡು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಸುಮ್ಮನಿದ್ದು ಒತ್ತಿದರೆ ಮೊದಲ ಒತ್ತು ಮೆತ್ತಗಿರಬೇಕು, ಆಮೇಲಿನವು ಒಂದೊಂದಾಗಿ ಬಿಗಿಯಾಗಬೇಕು. ಮೊದಲನೆಯದೇ ಬಿಗಿಯಾಗಿದ್ದರೆ ವಾಲ್ವ್, ಪೈಪು, ಸರ್ವೋ ಈ ಮೂರರಲ್ಲಿ ಯಾವುದೋ ಒಂದು ಗಾಳಿ ಬಿಡುತ್ತಿದೆ.

ಸ್ಪೋರ್ಟ್ಸ್ ಕಾರಿನಲ್ಲಿ ಮೊದಲೇ ವ್ಯಾಕ್ಯೂಮ್ ಬಿಗಿ ಲೆಕ್ಕದ್ದು. ಹೆಚ್ಚು ಶಕ್ತಿಗಾಗಿ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿಸಿದರೆ ಐಡ್ಲಿಂಗ್‌ನಲ್ಲಿ ಎಳೆತ ತಗ್ಗುತ್ತದೆ. ಟರ್ಬೊ ಕಟ್ಟಿದರೆ ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ಒತ್ತಡವೇ ಹುಟ್ಟುತ್ತದೆ. ಆಗ ಒನ್‌ವೇ ವಾಲ್ವ್ ಮುಚ್ಚಿಕೊಳ್ಳದಿದ್ದರೆ ಸರ್ವೋಗೆ ತಿರುಗು ಗಾಳಿ, ಕ್ಲಿಪ್ ಸಡಿಲವಿದ್ದರೆ ಪೈಪು ನಳಿಗೆಯಿಂದ ಹಾರಿಹೋಗುತ್ತದೆ. ಟೊಯೊಟಾ ಎಂಆರ್2ನಂತೆ ಎಂಜಿನ್ ಬೆನ್ನಹಿಂದೆ, ಸರ್ವೋ ಕಾಲಮುಂದೆ ಇರುವ ಕಾರುಗಳಲ್ಲಿ ವ್ಯಾಕ್ಯೂಮ್ ಇಡೀ ಕಾರಿನುದ್ದ ಸಾಗಿಬರಬೇಕು, ಜೋಡಣೆಗಳೂ ಹೆಚ್ಚು. ಎತ್ತರದ ಊರಿನದು ಇನ್ನೊಂದು ಲೆಕ್ಕ. ಮಂಗಳೂರಿನ ಕಡಲತೀರದಲ್ಲಿ ವಾತಾವರಣದ ಒತ್ತಡ 101 ಕಿಲೋಪಾಸ್ಕಲ್. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು. ಡಯಾಫ್ರಮನ್ನು ತಳ್ಳುವುದು ಹೊರಗಿನ ಗಾಳಿಯೇ ಆದ್ದರಿಂದ, ಮೇಲೆ ಹೇಳಿದ 200 ಕಿಲೋ ನೂಕುಬಲ ಬೆಂಗಳೂರಿನಲ್ಲಿ 170ಕ್ಕೆ ಇಳಿಯುತ್ತದೆ. ಸರಿಯಿರುವ ವ್ಯವಸ್ಥೆಗೆ ಇದು ಭಾರವಲ್ಲ. ಸೋರುವ ಪೈಪಿನ ಮೇಲೆ ಈ ಕೊರತೆಯೂ ಸೇರಿದರೆ, ನಂದಿಬೆಟ್ಟದಿಂದ ಬೆಳಗ್ಗೆ ಇಳಿಯುವವನಿಗೆ ಅದು ತಿಳಿಯುವುದು ತಿರುವಿನಲ್ಲಿ.

ಇದಕ್ಕೆ ಎದುರಾಗಿ ಬರುವ ಮೊದಲ ವಾದ ಹೀಗೆ: ಸರ್ವೋ ಸತ್ತರೂ ಬ್ರೇಕ್ ಸಾಯುವುದಿಲ್ಲ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಲೋಹದ ನೇರ ಸಂಪರ್ಕ ಇದ್ದೇ ಇದೆ, ಜೋರಾಗಿ ಒತ್ತಿದರೆ ಕಾರು ನಿಲ್ಲುತ್ತದೆ, ಮತ್ತೇಕೆ ಗಾಬರಿ? ಮಾತು ನಿಜ, ಆದರೆ ಅರ್ಧ ಮಾತ್ರ. ಅಮೆರಿಕದ ಪ್ರಯಾಣಿಕ ಕಾರುಗಳ ಬ್ರೇಕ್ ನಿಯಮ ಎಫ್‌ಎಂವಿಎಸ್‌ಎಸ್ 135 ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ಎಲ್ಲವೂ ಸರಿಯಿರುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ 70 ಮೀಟರಿನೊಳಗೆ ನಿಲ್ಲಬೇಕು. ಸರ್ವೋ ಸಹಾಯ ಕೆಲಸ ಮಾಡದಿದ್ದಾಗ ಅದೇ ವೇಗದಿಂದ ನಿಲ್ಲಲು ನಿಯಮ ಬಿಟ್ಟುಕೊಡುವುದು 168 ಮೀಟರ್. ಅದಕ್ಕೂ ಚಾಲಕ ಪೆಡಲಿನ ಮೇಲೆ 500 ನ್ಯೂಟನ್‌ವರೆಗೆ, ಅಂದರೆ ಸುಮಾರು 51 ಕಿಲೋ ಭಾರ ಹಾಕಬಹುದು ಎಂಬ ಲೆಕ್ಕವಿದೆ. ಪರೀಕ್ಷಾ ಚಾಲಕನಿಗೆ ಏನಾಗಲಿದೆ ಎಂದು ಮೊದಲೇ ಗೊತ್ತು, ಸೀಟಿಗೆ ಬೆನ್ನು ಕೊಟ್ಟು ಒತ್ತುತ್ತಾನೆ. ರಸ್ತೆಯ ಮೇಲಿರುವವನಿಗೆ ಪೆಡಲ್ ಕಲ್ಲಾದ ಕ್ಷಣ ತಲೆಗೆ ಬರುವುದು ‘ಬ್ರೇಕ್ ಹೋಯಿತು’ ಎಂಬುದೊಂದೇ. ಇನ್ನೂ ಜೋರಾಗಿ ಒತ್ತಬೇಕೆಂದು ಹೊಳೆಯುವಷ್ಟರಲ್ಲಿ ಹೋದ ದೂರ ಈ 168ರ ಲೆಕ್ಕದಲ್ಲಿ ಸೇರಿಲ್ಲ.

ಎರಡನೆಯ ವಾದ ಸ್ಪೋರ್ಟ್ಸ್ ಕಾರಿನ ಭಕ್ತರದು, ಅದಕ್ಕೆ ತೂಕ ಹೆಚ್ಚು. ಸರ್ವೋ ಇಲ್ಲದ ಬ್ರೇಕೇ ಶುದ್ಧ, 1996ರಲ್ಲಿ ಬಂದ ಲೋಟಸ್ ಎಲಿಸ್‌ಗೆ ಸರ್ವೋ ಇರಲೇ ಇಲ್ಲ, ಆದರೂ ಅದರ ಬ್ರೇಕನ್ನು ಹೊಗಳದವರಿಲ್ಲ ಎನ್ನುತ್ತಾರೆ. ಒಪ್ಪೋಣ. ಆದರೆ ಆ ಎಲಿಸ್‌ನ ತೂಕ 725 ಕಿಲೋದ ಆಸುಪಾಸು, ಅದರಲ್ಲೂ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೆ. ಪೆಡಲಿನ ಸನ್ನೆಯ ಅನುಪಾತ, ಮಾಸ್ಟರ್ ಸಿಲಿಂಡರಿನ ವ್ಯಾಸ, ಪ್ಯಾಡಿನ ಗುಣ ಎಲ್ಲವನ್ನೂ ಸರ್ವೋ ಇಲ್ಲವೆಂದುಕೊಂಡೇ ಗೊತ್ತುಮಾಡಿದ್ದಾರೆ. ಸರ್ವೋ ಇದೆಯೆಂದು ಲೆಕ್ಕಹಾಕಿ ಕಟ್ಟಿದ ಕಾರಿನಲ್ಲಿ ಪೈಪು ಸೋರಿದರೆ ಅದು ಎಲಿಸ್ ಆಗುವುದಿಲ್ಲ, ಕೆಟ್ಟ ಬ್ರೇಕಿನ ಕಾರಾಗುತ್ತದೆ. ಅದೂ ಎಂಥ ಕೆಟ್ಟದ್ದು ಎಂದರೆ, ಸಹಾಯ ಒಂದೊಂದು ಸಲ ಒಂದೊಂದು ಪ್ರಮಾಣದಲ್ಲಿ ಸಿಗುವಂಥದ್ದು. ಪೆಡಲಿನ ಸೂಕ್ಷ್ಮಕ್ಕೆ ಬೆಲೆ ಕೊಡುವವರು ಮೊದಲು ಸಿಟ್ಟಾಗಬೇಕಾದ್ದು ಈ ಅನಿಶ್ಚಿತತೆಯ ಮೇಲೆ.

ಮೂರನೆಯದು ಕಿಸೆಯ ವಾದ: ಕಂಪನಿ ಪೈಪಿಗೆ ಅಷ್ಟು ದುಡ್ಡೇಕೆ, ಅದೇ ಒಳಅಳತೆಯ ಪೆಟ್ರೋಲ್ ಪೈಪೋ ಹೀಟರ್ ಪೈಪೋ ಒಂದಡಿ ತಂದು ಕತ್ತರಿಸಿ ಹಾಕಿದರೆ ಮುಗಿಯಿತಲ್ಲ? ಹಳೆ ಗಾಡಿಯ ಭಾಗಗಳ ಬೆಲೆಯ ಬಗ್ಗೆ ಮಾಲೀಕರ ಸಿಟ್ಟು ನ್ಯಾಯವಾದದ್ದೇ, ರಬ್ಬರ್ ತುಂಡಿಗೆ ಕೇಳುವ ಬೆಲೆ ಕೆಲವೊಮ್ಮೆ ನಗು ತರಿಸುತ್ತದೆ. ಆದರೂ ಹೀಟರ್ ಪೈಪು ಪರಿಹಾರವಲ್ಲ. ನೀರಿನ ಪೈಪು, ಪೆಟ್ರೋಲ್ ಪೈಪುಗಳು ತಡೆಯಬೇಕಾದ್ದು ಒಳಗಿನಿಂದ ಹೊರಕ್ಕೆ ಬರುವ ಒತ್ತಡವನ್ನು. ವ್ಯಾಕ್ಯೂಮ್ ಪೈಪಿನದು ತಿರುಗುಮುರುಗು. ಹೊರಗಿನ ಗಾಳಿ ಅದನ್ನು ಸದಾ ಒಳಕ್ಕೆ ಅಮುಕುತ್ತಿರುತ್ತದೆ. ನೆನೆದ ಕಾಗದದ ಸ್ಟ್ರಾದಲ್ಲಿ ಎಳನೀರು ಹೀರಿದರೆ ಸ್ಟ್ರಾ ಚಪ್ಪಟೆಯಾಗಿ ನೀರೇ ಬರುವುದಿಲ್ಲವಲ್ಲ, ಬಿಸಿಯೇರಿದ ಎಂಜಿನ್ ಪಕ್ಕ ತೆಳು ಪೈಪಿನ ಗತಿಯೂ ಅದೇ. ಇಲ್ಲಿನ ಮೋಸವೆಂದರೆ ತಣ್ಣಗಿರುವಾಗ ಅದು ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಅಮೆರಿಕದ ಬ್ರೇಕ್ ಪೈಪುಗಳ ನಿಯಮ ಎಫ್‌ಎಂವಿಎಸ್‌ಎಸ್ 106 ಇದಕ್ಕೆಂದೇ ಒಂದು ಪರೀಕ್ಷೆ ಇಟ್ಟಿದೆ: 26 ಇಂಚು ಪಾದರಸದಷ್ಟು ವ್ಯಾಕ್ಯೂಮಿನಲ್ಲಿ ಐದು ನಿಮಿಷ ಇಟ್ಟರೂ ಪೈಪಿನ ಹೊರವ್ಯಾಸ ಇಂಚಿನ ಹದಿನಾರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಬಾರದು. ಬಣ್ಣಬಣ್ಣದ ಸಿಲಿಕೋನ್ ಪೈಪು ಚಂದ ಕಾಣುತ್ತದೆ, ಶಾಖವನ್ನೂ ತಾಳುತ್ತದೆ. ಒಳಗೆ ಹೆಣಿಗೆಯಿಲ್ಲದ ತೆಳು ಸಿಲಿಕೋನ್ ಮಾತ್ರ ಬೇಗ ಚಪ್ಪಟೆಯಾಗುತ್ತದೆ, ಎಣ್ಣೆ ಆವಿಗೂ ಒಗ್ಗುವುದಿಲ್ಲ. ದುಡ್ಡು ಉಳಿಸಲೇಬೇಕೆಂದರೆ ದಾರಿ ಇದೆ: ಬ್ರೇಕ್ ವ್ಯಾಕ್ಯೂಮಿಗೆಂದೇ ತಯಾರಾದ ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಹೊಸ ವಾಲ್ವನ್ನು ನಡುವೆ ಕೂರಿಸಿ, ಎರಡೂ ಕಡೆ ಕ್ಲಿಪ್ ಹಾಕುವುದು. ಅಂಗಡಿಯಲ್ಲಿ ಕೇಳಬೇಕಾದ್ದು ಅಳತೆಯ ಜತೆ ಈ ಮಾತನ್ನೂ.

ಕೆಲಸ ಸಣ್ಣದು, ಆದರೆ ಅವಸರ ಮಾಡಿದರೆ ದೊಡ್ಡದಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಪೆಡಲ್ ಹಲವು ಸಲ ಒತ್ತಿ ಸರ್ವೋದ ವ್ಯಾಕ್ಯೂಮ್ ಖಾಲಿ ಮಾಡಬೇಕು. ಕ್ಲಿಪ್ಪನ್ನು ಇಕ್ಕಳದಿಂದ ಹಿಂಡಿ ಹಿಂದೆ ಸರಿಸಿದ ಮೇಲೆ ಪೈಪನ್ನು ಎಳೆಯಬಾರದು, ತಿರುಚಬೇಕು. ವರ್ಷಗಳಿಂದ ಅಂಟಿಕೊಂಡ ರಬ್ಬರ್ ತಿರುಚಿದರೂ ಬಿಡದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿಯುವುದೇ ಕ್ಷೇಮ, ಹೇಗೂ ಎಸೆಯುವ ಪೈಪು. ಬ್ಲೇಡು ಕೆಳಗಿನ ನಳಿಗೆಗೆ ಗೀರು ಹಾಕದಿದ್ದರೆ ಸಾಕು. ಎಷ್ಟೋ ಕಾರುಗಳಲ್ಲಿ ಸರ್ವೋ ಕಡೆಯ ನಳಿಗೆ ಪ್ಲಾಸ್ಟಿಕ್ಕಿನದು, ಅದು ಕೂತಿರುವುದು ರಬ್ಬರ್ ಬಳೆಯಲ್ಲಿ. ಅಡ್ಡಾದಿಡ್ಡಿ ಎಳೆದರೆ ನಳಿಗೆ ಮುರಿಯುತ್ತದೆ, ಮುದಿ ಬಳೆ ಡಬ್ಬಿಯೊಳಗೇ ಬೀಳುತ್ತದೆ. ಹಳೆ ಪೈಪನ್ನು ಎಸೆಯುವ ಮುನ್ನ ಸರ್ವೋ ಕಡೆಯ ತುದಿಯೊಳಗೆ ಬೆರಳಾಡಿಸಬೇಕು. ಅಲ್ಲಿ ಬ್ರೇಕ್ ಆಯಿಲ್ ಒದ್ದೆ ಕಂಡರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲ್ ಸೋರುತ್ತಿದೆ ಎಂದು ತಿಳಿಯಬೇಕು, ಆಗ ಹೊಸ ಪೈಪು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹೊಸ ಪೈಪನ್ನು ಹಾಕುವ ಮುನ್ನ ಬಾಯಿಂದ ಊದಿ ನೋಡಬಹುದು: ಸರ್ವೋ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಹೋಗಬಾರದು. ಬಾಣದ ಮೊನೆ ಎಂಜಿನ್ ಕಡೆಗೆ. ತಿರುಗಿಸಿ ಹಾಕಿದರೆ ಸರ್ವೋಗೆ ವ್ಯಾಕ್ಯೂಮೇ ಸಿಗುವುದಿಲ್ಲ. ನಳಿಗೆಗೆ ಏರಿಸಲು ಸಾಬೂನು ನೀರು ಸಾಕು. ಗ್ರೀಸ್, ಎಣ್ಣೆ ಹಚ್ಚಿದರೆ ಹೊಸ ರಬ್ಬರಿಗೆ ಮೊದಲ ದಿನವೇ ಅದರ ಶತ್ರುವನ್ನು ಪರಿಚಯಿಸಿದಂತೆ. ಕ್ಲಿಪ್ಪುಗಳೂ ಹೊಸವೇ ಇರಲಿ, ಸ್ಪ್ರಿಂಗಿನ ಬಿಗಿ ಕೂಡ ವರ್ಷಗಳ ಜತೆ ಹೋಗುತ್ತದೆ.

ಡೀಸೆಲ್ ಎಂಜಿನ್ನಿಗೆ ಥ್ರಾಟಲಿನ ಎಳೆತ ಇಲ್ಲದ್ದರಿಂದ ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಕೊಡುತ್ತಾರೆ, ಪೈಪಿನ ಮಾತು ಅಲ್ಲೂ ಇಷ್ಟೇ. ಬಾಷ್‌ನ ಐಬೂಸ್ಟರ್‌ನಂಥ ವಿದ್ಯುತ್ ಸರ್ವೋ ಇರುವ ಹೊಸ ಕಾರುಗಳಲ್ಲಿ ಈ ಪೈಪೇ ಇಲ್ಲ. ಆದರೆ ಆಸೆಪಟ್ಟು ಕಾಪಾಡಿಕೊಂಡ ಕಾರುಗಳು ಆ ಕಾಲದವಲ್ಲ. ಅವುಗಳಲ್ಲಿ ಪೈಪು ಬದಲಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಹಿಂದೆ ಯಾರೋ ನಡುಗುತ್ತಿದ್ದ ಐಡ್ಲಿಂಗನ್ನು ಸರಿಮಾಡಲು ಥ್ರಾಟಲ್ ಬಾಡಿಯ ಮೇಲಿನ ಸ್ಕ್ರೂ ತಿರುಗಿಸಿರುವ ಸಾಧ್ಯತೆ ಬಹಳ. ಸೋರಿಕೆಗೆ ಹೊಂದಿಸಿದ ಆ ಅಳತೆ ಸೋರಿಕೆ ನಿಂತ ಮೇಲೆ ತಪ್ಪಾಗುತ್ತದೆ. ಮೊದಲ ಎಂಎಕ್ಸ್-5ರಲ್ಲಿ ಎಂಜಿನ್ ಬಿಸಿಯಾದ ಮೇಲೆ, ಡಯಾಗ್ನೋಸಿಸ್ ಡಬ್ಬಿಯ ಟಿಇಎನ್ ಪಿನ್ನನ್ನು ಗ್ರೌಂಡಿಗೆ ಜೋಡಿಸಿ, ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ ಐಡ್ಲಿಂಗನ್ನು ನಿಮಿಷಕ್ಕೆ 850 ಸುತ್ತಿಗೆ, ಐವತ್ತು ಆಚೀಚೆಯೊಳಗೆ, ತಂದು ನಿಲ್ಲಿಸಬೇಕು. ಆಮೇಲೆ ಬ್ರೇಕ್ ಒತ್ತಿ ನೋಡಿದರೆ ಮುಳ್ಳು ಅಲ್ಲಿಯೇ ನಿಂತಿರಬೇಕು.